ಬಂಗಾರ, ಭಂಗಾರ

ಪುಣೆ ಹತ್ತಿರದ ಭೋಸರಿಯಲ್ಲಿ ವಾರದ ಸೂಟಿ ಗುರುವಾರ. ಕರೆಂಟ್ ಕಂಪನಿಯವರು ಲೈನ್ ದುರಸ್ತಿಗೆ ಇಟ್ಟುಕೊಂಡಿರುವ ದಿನ ಅದು. ಕರೆಂಟ್ ಇಲ್ಲವೆಂದ ಮೇಲೆ ಎಂಐಡಿಸಿಯ, ಅಂದರೆ ಕೈಗಾರಿಕಾ ವಸಾಹತಿನ, ಶೆಡ್ಡುಗಳಿಗೆ ಬೀಗ. ಅವತ್ತು ಕ್ಷೌರದ ಅಂಗಡಿಗಳ ಮುಂದೆ ಹುಡುಗರ ಸಾಲು, ತರಕಾರಿ ಗಾಡಿಗಳ ಸುತ್ತ ಹೆಂಗಸರ ಗುಂಪು. ಬೀದರ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ನಮ್ಮಂಥವರು ಖೋಲಿಯಲ್ಲಿ ಮಲಗಿ ಆರು ದಿನದ ನಿದ್ದೆ ತೀರಿಸುತ್ತೇವೆ.

ಕ್ರೈಸ್ತರಾದ ನಮಗೆ ಇದರಿಂದ ಒಂದು ತೊಡಕಿದೆ. ಎಲ್ಲ ಚರ್ಚುಗಳೂ ಗಂಟೆ ಬಾರಿಸುವ ಭಾನುವಾರ ನಾವು ಮಷೀನಿನ ಮುಂದೆ ನಿಂತಿರುತ್ತೇವೆ. ಫಸ್ಟ್ ಶಿಫ್ಟ್ ಮುಗಿಸಿ ಸಂಜೆಯ ಆರಾಧನೆಗೆ ಓಡಿದರೆ ಕೈಗೆ ಹತ್ತಿದ ಕೂಲಂಟಿನ ವಾಸನೆ ಹಾಡಿನ ಪುಸ್ತಕಕ್ಕೂ ಹತ್ತುತ್ತದೆ. ಹಾಗಾಗಿ ಗುರುವಾರ ಬೆಳಿಗ್ಗೆ ಹತ್ತು ಹನ್ನೆರಡು ಮಂದಿ ಕನ್ನಡದವರು ಯಾರಾದರೊಬ್ಬರ ಖೋಲಿಯಲ್ಲಿ ಕೂಡಿ ಪ್ರಾರ್ಥನೆ ಮಾಡುತ್ತೇವೆ. ಹೆಚ್ಚಿನವರು ಬೀದರ ಜಿಲ್ಲೆಯ ಮೆಥಡಿಸ್ಟ್ ಮನೆತನದವರು. ಮೊದಮೊದಲು ಇದು ನನಗೆ ಕದ್ದು ಮಾಡುವ ಆರಾಧನೆಯಂತೆ ಅನಿಸುತ್ತಿತ್ತು. ಆಮೇಲೆ ಯೋಚಿಸಿದೆ: ಯೇಸು ಶಿಷ್ಯರ ಕಾಲು ತೊಳೆದದ್ದು ಗುರುವಾರ ರಾತ್ರಿ. ಗೆತ್ಸೆಮನೆ ತೋಟದಲ್ಲಿ ತನ್ನ ಕೆಲಸ ತನಗೇ ಭಾರವಾಗಿ ಬೆವರಿದ್ದೂ ಅದೇ ರಾತ್ರಿ. ಆ ಲೆಕ್ಕಕ್ಕೆ ಭೋಸರಿಯ ಸೂಟಿ ಅಷ್ಟೇನೂ ತಪ್ಪಿದ ದಿನವಲ್ಲ.

ನನ್ನದು ಇನ್‌ಸ್ಪೆಕ್ಷನ್ ಟೇಬಲ್ಲಿನ ಕೆಲಸ. ಬೇರೆಯವರು ಮಾಡಿದ್ದನ್ನು ಅಳೆದು ಇದು ಪಾಸು, ಇದು ಇಲ್ಲ ಎನ್ನುವುದು. ಈ ಕೆಲಸದವನಿಗೆ ಶೆಡ್ಡಿನಲ್ಲಿ ಗೆಳೆಯರು ಕಡಿಮೆ. ಪ್ಲಗ್ ಗೇಜ್ ಎಂಬ ಒಂದು ಸಾಧನವಿದೆ. ಉಕ್ಕಿನ ಹಿಡಿಕೆ, ಅದರ ಎರಡು ತುದಿಗೆ ಎರಡು ದುಂಡನೆಯ ತುಂಡುಗಳು. ಒಂದು ಗೋ, ಇನ್ನೊಂದು ನೋಗೋ. ನೋಗೋ ಕಡೆಗೆ ಕೆಂಪು ಬಣ್ಣ. ಡ್ರಾಯಿಂಗಿನಲ್ಲಿ 25 ಮಿಲಿಮೀಟರ್ ಬೋರಿಗೆ ಎಚ್-7 ಎಂದು ಬರೆದಿದ್ದರೆ ಆ ತೂತು 25ಕ್ಕಿಂತ ಕಿರಿದಾಗಬಾರದು, 25.021ಕ್ಕಿಂತ ಹಿರಿದಾಗಬಾರದು. ನಡುವೆ ಸಿಗುವ ಜಾಗ 21 ಮೈಕ್ರಾನ್. ತಲೆಗೂದಲೂ ಅದಕ್ಕಿಂತ ದಪ್ಪ. ಕಡಿದ ತುಂಡನ್ನು, ನಮ್ಮ ಮಾತಿನಲ್ಲಿ ಜಾಬನ್ನು, ಒರೆಸಿ ಎಡಗೈಯಲ್ಲಿ ಹಿಡಿದರೆ ಗೋ ತುದಿ ಒತ್ತದೆಯೇ ತನ್ನ ಭಾರಕ್ಕೆ ಇಳಿಯಬೇಕು. ತಿರುಗಿಸಿ ಹಿಡಿದರೆ ನೋಗೋ ತುದಿ ತೂತಿನ ಬಾಯಲ್ಲೇ ತಡೆದು ನಿಲ್ಲಬೇಕು. ಬೋರ್ ಸಣ್ಣದಾಗಿದ್ದರೆ ಚಿಂತೆಯಿಲ್ಲ, ಮತ್ತೆ ಮಷೀನಿಗೆ ಹಾಕಿ ಒಂದು ಎಳೆ ತೆಗೆದರೆ ಸರಿಹೋಗುತ್ತದೆ. ದೊಡ್ಡದಾಗಿದ್ದರೆ ಮುಗಿಯಿತು. ಕಡಿದು ಬಿದ್ದ ಉಕ್ಕನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಎರಡು ಮಳೆಗಾಲದ ಹಿಂದಿನ ಮಾತು. ಗುರುವಾರ ಬೆಳಿಗ್ಗೆ, ಶೆಡ್ಡಿಗೆ ಬೀಗ ಬೀಳುವ ಮೊದಲು, ರಾತ್ರಿ ಪಾಳಿಯ ಮಾಲು ನನ್ನ ಟೇಬಲ್ಲಿಗೆ ಬಂತು. ಮೊದಲ ಜಾಬಿಗೆ ಗೇಜ್ ಹಿಡಿದರೆ ಗೋ ಇಳಿಯಿತು, ನೋಗೋ ಕೂಡ ಸಲೀಸಾಗಿ ಇಳಿಯಿತು. ಬಾವಿಗೆ ಕೊಡ ಇಳಿದ ಹಾಗೆ. ಎರಡನೆಯದು ಹಾಗೇ, ಹತ್ತನೆಯದೂ ಹಾಗೇ. ಮಷೀನಿನ ಮೇಲಿದ್ದವನು ಹುಮನಾಬಾದ ಕಡೆಯ ಹುಡುಗ. ಐಟಿಐ ಮುಗಿಸಿ ಬಂದವನು, ನಮ್ಮ ಗುರುವಾರದ ಕೂಟಕ್ಕೂ ಬರುವವನು.

"ಟಿಪ್ ಯಾವಾಗ ಬದಲಿಸಿದಿ?"

"ರಾತ್ರಿ ಎರಡಕ್ಕ, ಅಣ್ಣಾ."

"ಆಫ್‌ಸೆಟ್ ಎಷ್ಟು ಹಾಕಿದಿ?"

ಟಿಪ್ ಎಂದರೆ ಲೋಹ ಕಡಿಯುವ ತುದಿ. ಅದನ್ನು ಬದಲಿಸಿದಾಗ ಮಷೀನಿಗೆ ಕೊಡುವ ಅಳತೆಯ ತಿದ್ದುಪಡಿ ಆಫ್‌ಸೆಟ್. ಅವನು ಮಷೀನಿನ ಪರದೆ ನೋಡಲು ಹೋದ. ಬರುವಾಗ ಮುಖ ಬಿಳಿಚಿಕೊಂಡಿತ್ತು. 0.02 ಹಾಕಬೇಕಾದಲ್ಲಿ 0.2 ಹಾಕಿದ್ದ. ನಿದ್ದೆಗಣ್ಣಿನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿತ್ತು. ಒಂದೂವರೆ ನಿಮಿಷಕ್ಕೊಂದು ಜಾಬ್ ಇಳಿಯುವ ಮಷೀನು. ಎರಡರಿಂದ ಆರೂವರೆಗೆ ನೂರಾ ಎಂಬತ್ತು ಜಾಬ್. ಟಿಪ್ ಬದಲಿಸಿದ ಮೇಲಿನ ಮೊದಲ ಜಾಬನ್ನು ಇನ್‌ಸ್ಪೆಕ್ಟರ್ ನೋಡಬೇಕೆಂಬುದು ನಿಯಮ. ಆದರೆ ನಮ್ಮಂಥ ಸಣ್ಣ ಶೆಡ್ಡಿನಲ್ಲಿ ರಾತ್ರಿಗೆ ಇನ್‌ಸ್ಪೆಕ್ಟರ್ ಎಲ್ಲಿಯವನು? ನಾನು ಖೋಲಿಯಲ್ಲಿ ಮಲಗಿದ್ದೆ.

ಮಾಲೀಕರಾದ ಶೇಟ್ ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಹುಡುಗನಿಗೆ ಒಳ್ಳೆಯದಿತ್ತು. "ಭಂಗಾರಾತ್ ಟಾಕಾ" ಎಂದು ಮರಾಠಿಯಲ್ಲಿ ಎರಡೇ ಮಾತು ಹೇಳಿ ಕ್ಯಾಬಿನ್ನಿಗೆ ಹೋದರು.

ಕನ್ನಡದವನು ಪುಣೆಗೆ ಬಂದ ಹೊಸತರಲ್ಲಿ ಬೆಚ್ಚುವ ಮಾತು ಇದು. ಗುಜರಿಗೆ ಇಲ್ಲಿ ಭಂಗಾರ ಎನ್ನುತ್ತಾರೆ. ನಾವು ತಿಜೋರಿಯಲ್ಲಿ ಇಡುವುದು ಬಂಗಾರ, ಇವರು ಕೈಗಾಡಿಯವನಿಗೆ ಕಿಲೋ ಲೆಕ್ಕದಲ್ಲಿ ಮಾರುವುದು ಭಂಗಾರ. ನಡುವೆ ಇರುವುದು ಒಂದು ಉಸಿರು, ಅಷ್ಟೇ. ನಮ್ಮ ಕಡೆಯ ನಾಲಿಗೆಗೆ ಮಹಾಪ್ರಾಣ ಯಾವಾಗಲೂ ಒಗ್ಗುವುದಿಲ್ಲ. ಹಾಗಾಗಿ ನಮ್ಮ ಹುಡುಗರ ಬಾಯಲ್ಲಿ ಎರಡೂ ಒಂದೇ ಆಗಿ ಕೇಳುತ್ತವೆ. ಬಂಗಾರದ ಗಾಡಿ ಬಂತು ಅಂದರೆ ಗುಜರಿಯವನು ಬಂದ ಎಂದು ತಿಳಿಯಬೇಕು.

ಆ ಬೆಳಿಗ್ಗೆ ಹುಡುಗ ಕೂಟಕ್ಕೆ ಬಂದ. ಹಾಡು ಮುಗಿದು ಪ್ರಾರ್ಥನೆಯ ವಿಷಯಗಳನ್ನು ಕೇಳುವ ಹೊತ್ತಿಗೆ ಹೇಳಿದ: "ನನಗ ಈ ಕೆಲಸ ಹತ್ತಂಗಿಲ್ಲ. ಊರಿಗಿ ಹೋಗ್ತೀನಿ. ಜಾಬ್ ಅಲ್ಲ, ನಾನೇ ಭಂಗಾರ ಆಗೀನಿ."

ಒಬ್ಬ ಹಿರಿಯರು, ಎಲ್ಲ ಒಳ್ಳೆಯದಕ್ಕೇ ಆಗುತ್ತದೆ ತಮ್ಮಾ ಅಂದರು. ಇನ್ನೊಬ್ಬರು ನಂಬಿಕೆ ಸಾಲದು, ಉಪವಾಸ ಮಾಡು ಅಂದರು. ಮೂರನೆಯವರು, ಹೀಗೇ ಸೋತು ಪ್ರಾರ್ಥಿಸಿ ಈಗ ನಾಲ್ಕು ಮಷೀನಿನ ಮಾಲೀಕನಾದ ಒಬ್ಬನ ಸಾಕ್ಷಿ ಹೇಳಿದರು. ನನಗೆ ಮೂರೂ ಹಿಡಿಸಲಿಲ್ಲ. ಮೊದಲನೆಯದು ಅವಸರದ ಮಾತು. ಎರಡನೆಯದು ಕ್ರೌರ್ಯ. ಮೂರನೆಯದು ದೇವರನ್ನು ಬ್ಯಾಂಕಿನ ಸಾಲದ ವಿಭಾಗವನ್ನಾಗಿ ಮಾಡುತ್ತದೆ. ನಾನಾದರೂ ಏನಾದರೂ ಹೇಳಬೇಕಿತ್ತು. ಆ ನೂರಾ ಎಂಬತ್ತಕ್ಕೂ ಇಲ್ಲ ಎಂದವನು ನಾನೇ. ಬಾಯಿ ಬರಲಿಲ್ಲ.

ಆ ಖೋಲಿಯ ಅಕ್ಕ ಒಳಗಿಂದ ಒಂದು ತಟ್ಟೆ ತಂದು ಅವನ ಮುಂದೆ ಇಟ್ಟರು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಚೊಂಬು ನೀರು. "ಮೊದಲ ಉಣ್ಣು ತಮ್ಮಾ. ರಾತ್ರಿಯಿಡೀ ನಿಂತು ಬಂದಿ. ಉಂಡು ಮಲ್ಕೋ. ಊರಿಗೆ ಹೋಗೂದು ಎದ್ದ ಮ್ಯಾಲ ನೋಡೋಣಂತ."

ಅಕ್ಕನ ಮನಸ್ಸಿನಲ್ಲಿ ಆಗ ಬೈಬಲಿನ ಪ್ರವಾದಿ ಎಲೀಯನ ಕಥೆ ಇತ್ತೋ ಇಲ್ಲವೋ. ನನಗಂತೂ ಬೇರೇನೂ ನೆನಪಾಗಲಿಲ್ಲ. ಅರಸುಗಳ ಮೊದಲ ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯ. ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಬಾಳಿನ ಅತಿ ದೊಡ್ಡ ಗೆಲುವನ್ನು ಕಂಡು ಇನ್ನೂ ಹೆಚ್ಚು ಹೊತ್ತಾಗಿಲ್ಲ. ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಎದೆ ಒಡೆದು ಓಡುತ್ತಾನೆ. ಬೇರ್ಷೆಬದಲ್ಲಿ ಆಳನ್ನು ಬಿಟ್ಟು ಒಂದು ದಿನದ ದಾರಿ ಅಡವಿಯೊಳಗೆ ನಡೆದು ಜಾಲಿಯ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಕೇಳಿಕೊಳ್ಳುತ್ತಾನೆ. ನಮ್ಮ ಬಯಲುಸೀಮೆಯವರಿಗೆ ಜಾಲಿಯ ನೆರಳು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬೇರೆ ನೆರಳಿಲ್ಲದವನು ಕೂರುವ ನೆರಳು ಅದು.

ದೇವರು ಅವನಿಗೆ ಮೊದಲು ಕಳಿಸಿದ್ದು ಉಪದೇಶವನ್ನಲ್ಲ. ಅವನು ಮಲಗುತ್ತಾನೆ. ದೂತನು ತಟ್ಟಿ ಎಬ್ಬಿಸಿದಾಗ ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಉಂಡು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ಮತ್ತೆ ಉಣಿಸುತ್ತಾರೆ. ದಾರಿ ಇನ್ನೂ ದೂರವಿದೆ ಎಂಬುದಷ್ಟೇ ದೂತ ಕೊಡುವ ಕಾರಣ. ಮಾತು ಬರುವುದು ನಲವತ್ತು ದಿನದ ನಡಿಗೆಯ ಆಚೆ, ಹೋರೇಬಿನಲ್ಲಿ. ಅಲ್ಲೂ ಅದು ಒಂದು ಪ್ರಶ್ನೆ: ಇಲ್ಲೇನು ಮಾಡುತ್ತಿದ್ದೀ? ಎಲೀಯ ತನ್ನ ಗೋಳನ್ನು ಹೇಳುತ್ತಾನೆ, ಎಲ್ಲರೂ ಬಿಟ್ಟುಹೋದರು, ಉಳಿದವನು ನಾನೊಬ್ಬನೇ ಎಂದು. ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲ ಆಗಿ ಸಣ್ಣ ದನಿ ಕೇಳಿಸಿದ ಮೇಲೂ ಅದೇ ಪ್ರಶ್ನೆ ಬರುತ್ತದೆ. ಅವನದೂ ಅದೇ ಉತ್ತರ. ಇಷ್ಟು ದೊಡ್ಡ ದರ್ಶನವಾಗಿಯೂ ಅವನ ಮಾತು ಚೂರೂ ಬದಲಾಗುವುದಿಲ್ಲ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ನಿರಾಶೆ ಹಾಗೇ ಇರುತ್ತದೆ, ಕಂಠಪಾಠವಾಗಿಬಿಟ್ಟಿರುತ್ತದೆ. ದೇವರು ಆ ಕಂಠಪಾಠದೊಂದಿಗೆ ವಾದಕ್ಕೆ ಇಳಿಯುವುದಿಲ್ಲ. ಹೋಗಿ ಇಂಥಿಂಥವರನ್ನು ಅಭಿಷೇಕಿಸು, ನಿನ್ನ ಜಾಗಕ್ಕೆ ಎಲೀಷನನ್ನು ನೇಮಿಸು ಎಂದು ಕೆಲಸ ಹೇಳುತ್ತಾನೆ. ಕಡೆಯಲ್ಲಿ, ಹೇಳಿಯೂ ಹೇಳದ ಹಾಗೆ, ನಿನ್ನಂಥವರು ಇನ್ನೂ ಏಳು ಸಾವಿರ ಮಂದಿ ಇದ್ದಾರೆ ಎನ್ನುತ್ತಾನೆ.

ಆದರೆ ರೊಟ್ಟಿ ಉಂಡು ಎದ್ದ ಮೇಲೂ ನೂರಾ ಎಂಬತ್ತು ಜಾಬ್ ಹಾಗೇ ಇರುತ್ತವಲ್ಲ. ಅವಕ್ಕೇನು ಹೇಳುವುದು? ನಮ್ಮ ಬೋಧಕರು ಇಲ್ಲಿ ಸಾಮಾನ್ಯವಾಗಿ ಎತ್ತುವುದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯದ ಕೊನೆಯನ್ನು, ಕರ್ತನಲ್ಲಿ ಪಡುವ ಪ್ರಯಾಸ ವ್ಯರ್ಥವಲ್ಲ ಎಂಬ ಭರವಸೆಯನ್ನು. ದೊಡ್ಡ ಮಾತೇ. ಆದರೆ 'ವ್ಯರ್ಥವಲ್ಲ' ಎಂಬುದನ್ನು ನಾವು 'ಸಫಲವಾಗುತ್ತದೆ' ಎಂದು ಓದಿಕೊಳ್ಳುತ್ತೇವೆ. ಅಲ್ಲೇ ಅಳತೆ ತಪ್ಪುವುದು. ಅದೇ ಪತ್ರದ ಮೂರನೆಯ ಅಧ್ಯಾಯದಲ್ಲಿ ಪೌಲ ಇನ್ನೂ ಗಡಸಾದ ಮಾತು ಹೇಳಿದ್ದಾನೆ. ಒಬ್ಬೊಬ್ಬನ ಕೆಲಸವನ್ನೂ ಬೆಂಕಿ ಪರೀಕ್ಷಿಸುತ್ತದೆ. ಕಟ್ಟಿದ್ದು ಬಂಗಾರವೋ ಹುಲ್ಲೋ ಆಗ ಗೊತ್ತಾಗುತ್ತದೆ. ಹುಲ್ಲಾಗಿದ್ದರೆ ಸುಟ್ಟುಹೋಗುತ್ತದೆ, ಕಟ್ಟಿದವನಿಗೆ ನಷ್ಟ. ಅವನು ಮಾತ್ರ ಬೆಂಕಿಯೊಳಗಿಂದ ಪಾರಾದವನ ಹಾಗೆ ಉಳಿಯುತ್ತಾನೆ. ಇನ್‌ಸ್ಪೆಕ್ಷನ್ನಿನವನಾದ ನನಗೆ ಈ ಭಾಗ ನನಗಾಗಿಯೇ ಬರೆದಂತೆ ಕಾಣುತ್ತದೆ. ಪೌಲ ಕೆಟ್ಟ ಜಾಬನ್ನು ಪಾಸು ಮಾಡುತ್ತಿಲ್ಲ. ಗೇಜ್ ಸಡಿಲಿಸುತ್ತಿಲ್ಲ. ಜಾಬ್ ರಿಜೆಕ್ಟ್, ನಷ್ಟ ನಷ್ಟವೇ. ಆದರೆ ಆ ಗೇಜನ್ನು ಜಾಬ್ ಮಾಡಿದವನಿಗೆ ಹಿಡಿಯಬೇಡ ಎನ್ನುತ್ತಿದ್ದಾನೆ.

ಬೋಧಕರು ಆಗಾಗ ಹೇಳುವ ಇನ್ನೊಂದು ಮಾತಿದೆ. ಹೊಸ ಒಡಂಬಡಿಕೆಯಲ್ಲಿ ಪಾಪಕ್ಕೆ ಬಳಸಿದ ಗ್ರೀಕ್ ಪದದ ಮೂಲದಲ್ಲಿ ಗುರಿ ತಪ್ಪುವುದು ಎಂಬ ಅರ್ಥವಿದೆ ಎಂದು. ವಿದ್ವತ್ತಿಗೆ ಸರಿ. ಶೆಡ್ಡಿನಲ್ಲಿ ನಿಂತು ಕೇಳುವವನಿಗೆ ಮಾತ್ರ ಇದು ಗೊಂದಲ ತಂದಿಡುತ್ತದೆ, ಸೊನ್ನೆ ತಪ್ಪಿಸಿದವನು ಪಾಪ ಮಾಡಿದೆನೆಂದು ತಿಳಿಯುತ್ತಾನೆ. ಯೇಸು ಬಡಗಿ ಎಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಬೋಧನೆಗಿಂತ ಹೆಚ್ಚು ವರ್ಷ ಅವನು ಉಳಿ ಬಾಚಿ ಹಿಡಿದಿರಬೇಕು. ಅಷ್ಟು ವರ್ಷಗಳಲ್ಲಿ ಒಂದು ನೊಗವಾದರೂ ಕೆಟ್ಟಿರಲಿಲ್ಲವೇ? ಪಾಪವಿಲ್ಲದವನು ಎಂದರೆ ಅಳತೆ ತಪ್ಪದವನು ಎಂದೇನೂ ಅಲ್ಲ ಎಂಬುದು ನನ್ನ ಅನಿಸಿಕೆ. ಕಲಿಯುವ ಹುಡುಗನ ಕೈಯಲ್ಲಿ ಕಟ್ಟಿಗೆ ಕೆಡುತ್ತದೆ. ಯೋಸೇಫ ಇನ್ನೊಂದು ತುಂಡು ಕೊಟ್ಟಿರುತ್ತಾನೆ.

ಬೆಂಕಿಯ ಮಾತು ಬಂದಾಗ ಕನ್ನಡದ ಒಂದು ನಷ್ಟವನ್ನು ಹೇಳಬೇಕು. 1812ರ ಮಾರ್ಚ್ 11ರ ಸಂಜೆ ಬಂಗಾಳದ ಸೆರಾಂಪುರದಲ್ಲಿ ಮಿಷನರಿ ವಿಲಿಯಂ ಕೇರಿಯ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕೇರಿ ಅಂದು ಕಲ್ಕತ್ತದಲ್ಲಿದ್ದ. ಸುಟ್ಟುಹೋದವುಗಳಲ್ಲಿ ಅವನ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಇತ್ತು, ತೆಲುಗು ವ್ಯಾಕರಣವೂ ಇತ್ತು, ಭಾರತದ ಭಾಷೆಗಳ ಒಂದು ದೊಡ್ಡ ನಿಘಂಟಿನ ಕೆಲಸವೂ ಇತ್ತು. ಅಚ್ಚಿನ ಮೊಳೆಗಳು ಕರಗಿ ಸೀಸದ ಮುದ್ದೆಯಾಗಿದ್ದವು. ಅಕ್ಷರ ಕೊರೆದ ಉಕ್ಕಿನ ಪಂಚುಗಳು ಮಾತ್ರ ಬೂದಿಯೊಳಗೆ ಗಟ್ಟಿಯಾಗಿ ಉಳಿದಿದ್ದವು. ಕರಗಿದ ಲೋಹವನ್ನೇ ಗೋರಿ ತೆಗೆದು ಮತ್ತೆ ಮೊಳೆ ಎರಕ ಹೊಯ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಭಂಗಾರದಿಂದಲೇ ಕೆಲಸ ಮತ್ತೆ ಶುರುವಾಯಿತು. ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಲ ನಡೆಯುವುದು ಸುಲಭ ಎಂಬರ್ಥದ ಮಾತನ್ನು ಕೇರಿ ಬರೆದಿದ್ದಾನೆ. ಇದು ಸೆಟ್ಟಿಂಗ್ ಮಾಡುವ ಯಾವ ಟರ್ನರನಿಗೂ ಗೊತ್ತಿರುವ ಸತ್ಯ. 1817ರಲ್ಲಿ ಅವನ ಕನ್ನಡ ವ್ಯಾಕರಣ ಸೆರಾಂಪುರದಲ್ಲೇ ಅಚ್ಚಾಯಿತು. ಇತ್ತ 1810ರಲ್ಲೇ ಬಳ್ಳಾರಿಗೆ ಬಂದಿದ್ದ ಜಾನ್ ಹ್ಯಾಂಡ್ಸ್ ಎಂಬ ಇನ್ನೊಬ್ಬ ಮಿಷನರಿ ಕನ್ನಡ ಅನುವಾದಕ್ಕೆ ಕೂತಿದ್ದ. ಪೂರ್ತಿ ಬೈಬಲ್ ಕನ್ನಡಿಗರ ಕೈಗೆ ಬಂದದ್ದು ಬಳ್ಳಾರಿಯ ಆ ದುಡಿಮೆಯಿಂದ. ಏಳು ಸಾವಿರದ ಲೆಕ್ಕ ಎಂದರೆ ಇದೇ ಇರಬೇಕು. ನಾವು ನಮ್ಮ ಜಾಲಿಯ ಕೆಳಗೆ ಕೂತಿರುವಾಗ ಬಳ್ಳಾರಿಯಲ್ಲಿ ಯಾರೋ ಕೆಲಸ ಮಾಡುತ್ತಿರುತ್ತಾರೆ.

ಭೋಸರಿಯವರಿಗೆ ಇದಕ್ಕಿಂತ ಹತ್ತಿರದ ಕಥೆ ಕೇಡಗಾವಿನದು. ಕಲಬುರಗಿಯಿಂದ ಪುಣೆಗೆ ರೈಲಿನಲ್ಲಿ ಬರುವ ನಾವೆಲ್ಲ ದೌಂಡ್ ದಾಟಿದ ಮೇಲೆ ಆ ಊರನ್ನು ಹಾದೇ ಬಂದವರು. ನಿದ್ದೆಯಲ್ಲಿ, ಹೆಚ್ಚಿನ ಸಲ. ಪಂಡಿತಾ ರಮಾಬಾಯಿ ಮುಕ್ತಿ ಎಂಬ ಆಶ್ರಯಧಾಮವನ್ನು ಕಟ್ಟಿದ್ದು ಅಲ್ಲಿ. ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುತ್ತಾರೆ, ಸರಿಯೇ. ಆದರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗಾ ಭದ್ರಾ ಹುಟ್ಟುವಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದ ಕಡೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಊರಿನ ವಿರೋಧ ಕಟ್ಟಿಕೊಂಡು ಕಾಡಿಗೆ ಹೋಗಿ ನೆಲೆಸಿದವರು. ರಮಾಬಾಯಿಗೆ ಕನ್ನಡವೂ ಬರುತ್ತಿತ್ತು.

ಅವರ ಬಾಳಿನ ನಷ್ಟಗಳನ್ನು ಪಟ್ಟಿ ಮಾಡುತ್ತ ಹೋದರೆ ಕೈ ನಡುಗುತ್ತದೆ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ. 1880ರಲ್ಲಿ ಜೊತೆಗೆ ದೇಶವೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದ ಅಣ್ಣ. 1882ರ ಆರಂಭದಲ್ಲಿ ಗಂಡ, ಕಾಲರಾದಿಂದ, ಮಗಳು ಮನೋರಮಾಗೆ ವರ್ಷ ತುಂಬುವ ಮೊದಲೇ. ವೈದ್ಯಕೀಯ ಕಲಿಯಲು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲವಾದ್ದರಿಂದ ಆ ದಾರಿ ಮುಚ್ಚಿತು. ಅಲ್ಲೇ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ತಂದರು. 1893ರಲ್ಲಿ ಅಲ್ಲಿ ಮತಾಂತರ ನಡೆಯುತ್ತಿದೆ ಎಂಬ ಗುಲ್ಲೆದ್ದು ಸುಧಾರಕರಾದ ರಾನಡೆ, ಭಂಡಾರ್‌ಕರ್ ಅವರಂಥ ಹಿತೈಷಿಗಳೇ ಸಲಹಾ ಮಂಡಳಿ ಬಿಟ್ಟರು. ಮನೆಯವರು ಬಂದು ಹುಡುಗಿಯರನ್ನು ಕರೆದೊಯ್ದರು. ಬಿಟ್ಟವರಿಗೂ ಅವರದೇ ಕಾರಣಗಳಿದ್ದವು. ಅದನ್ನು ಇಲ್ಲಿ ತೂಗುವುದಿಲ್ಲ. ನನ್ನ ಕಣ್ಣಿಗೆ ಕಾಣುವುದು ಖಾಲಿಯಾದ ತರಗತಿ. ಕೆಲವೇ ವರ್ಷಕ್ಕೆ, 1896-97ರ ಬರಗಾಲದಲ್ಲಿ, ಅದೇ ಹೆಂಗಸು ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಹಿಂಡುಹಿಂಡಾಗಿ ಕರೆತಂದರು. ಪುಣೆಯಲ್ಲಿ ಪ್ಲೇಗು, ಜಾಗವಿಲ್ಲ. ಹಾಗೆ ಕೇಡಗಾವಿನ ಬಯಲು ಮುಕ್ತಿಯಾಯಿತು.

ಅವರ ಕೊನೆಯ ಕೆಲಸವೇ ನನ್ನನ್ನು ಹೆಚ್ಚು ಕಾಡುವುದು. ಓದು ಬಾರದ ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲ್ ಬೇಕು ಎಂದು ಅವರು ಹೀಬ್ರೂ, ಗ್ರೀಕ್ ಕಲಿತು ತಾವೇ ಅನುವಾದಕ್ಕೆ ಕೂತರು. ವರ್ಷಗಟ್ಟಲೆ ಹಿಡಿದ ಕೆಲಸ. ಮೊಳೆ ಜೋಡಿಸಿ ಅಚ್ಚು ಹಾಕಿದವರು ಮುಕ್ತಿಯ ಹೆಣ್ಣುಮಕ್ಕಳೇ. ಈ ನಡುವೆ 1912ರಲ್ಲಿ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದು ಶುರುವಾಯಿತು, ಮನೋರಮಾ ಅದರ ಹೊಣೆ ಹೊತ್ತರು. 1921ರಲ್ಲಿ ಆ ಮಗಳೂ ತೀರಿಕೊಂಡರು. ತಾಯಿ ಕರಡು ತಿದ್ದುವುದನ್ನು ಬಿಡಲಿಲ್ಲ. ತಿದ್ದಿ ಮುಗಿಸಿದ ಬೆನ್ನಿಗೇ 1922ರ ಏಪ್ರಿಲ್ 5ರಂದು ಹೋಗಿಬಿಟ್ಟರು. ಪೂರ್ತಿ ಪುಸ್ತಕ ಹೊರಬಂದದ್ದು 1924ರಲ್ಲಿ.

ಇಷ್ಟಾಗಿ, ಇವತ್ತು ಮರಾಠಿ ಚರ್ಚುಗಳ ವೇದಿಕೆಯ ಮೇಲೆ ಸಾಮಾನ್ಯವಾಗಿ ತೆರೆದಿರುವುದು ಆ ಅನುವಾದವಲ್ಲ. ಬೇರೆಯದು. ಮಗಳ ಸಾವಿನಾಚೆಗೂ ಎಳೆದ ದುಡಿಮೆಯ ಫಲ ಹೀಗೆ. ನನ್ನ ಟೇಬಲ್ಲಿನ ಭಾಷೆಯಲ್ಲಿ ಅದಕ್ಕೆ ಹಸಿರು ಚೀಟಿ ಹಚ್ಚಬೇಕೋ ಕೆಂಪು ಚೀಟಿಯೋ? ಹಾಗಾದರೆ ವ್ಯರ್ಥವೇ? ಬರದಲ್ಲಿ ಬೇಡುತ್ತಿದ್ದ ಕೈಗಳು ಮೊಳೆ ಜೋಡಿಸಲು ಕಲಿತವು, ಅದು ಇದ್ದೇ ಇದೆ. ಆದರೆ ಅದನ್ನು ತೋರಿಸಿ ಲೆಕ್ಕ ಸರಿದೂಗಿಸಿಬಿಡಲು ನನಗೆ ಮನಸ್ಸಿಲ್ಲ. ರಮಾಬಾಯಿಗೆ ಬೇಕಿದ್ದದ್ದು ಎಲ್ಲರೂ ಓದುವ ಬೈಬಲ್. ಅದು ಆಗಲಿಲ್ಲ. ಆಗದ್ದನ್ನು ಆಯಿತೆನ್ನುವುದು ಭಕ್ತಿಯಲ್ಲ. ಪೌಲನ ಮಾತನ್ನು ನಾನೀಗ ಹೀಗೆ ಓದುತ್ತೇನೆ: ವ್ಯರ್ಥವೋ ಅಲ್ಲವೋ ಎಂದು ಅಳೆಯಬೇಕಾದ ಗೇಜ್ ನನ್ನ ಡ್ರಾಯರಿನಲ್ಲಿಲ್ಲ. ನನ್ನ ಹತ್ತಿರ ಇರುವುದು ಬೋರಿನ ಗೇಜ್ ಮಾತ್ರ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ತಾಳಿಕೋ, ದುಡಿ, ದೇವರು ನೋಡುತ್ತಾನೆ ಎಂಬ ಬೋಧನೆ ಮಾಲೀಕರಿಗೆ ಬಹಳ ಹಿಡಿಸುತ್ತದೆ. ಓವರ್‌ಟೈಮಿನ ದುಡ್ಡು ಮೂರು ತಿಂಗಳು ನಿಲ್ಲಿಸಿದವನ ಮುಂದೆ ತಾಳ್ಮೆಯ ಪ್ರಸಂಗ ಮಾಡುವ ಬೋಧಕ ಯಾಕೋಬನ ಪತ್ರದ ಐದನೆಯ ಅಧ್ಯಾಯವನ್ನು ಓದಿಲ್ಲ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಅಲ್ಲಿದೆ. ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯದಲ್ಲಿ ಕೂಲಿಯ ಬಟವಾಡೆ ಅದೇ ದಿನ ಸಂಜೆ, ಕಡೆಗೆ ಬಂದವನಿಗೂ. ಹಾಗಾಗಿ ನಿರಾಶೆಯಲ್ಲಿ ಎರಡು ಬಗೆಯಿದೆ ಎಂದು ನಾನು ನಮ್ಮ ಹುಡುಗರಿಗೆ ಹೇಳುತ್ತೇನೆ. ಒಂದಕ್ಕೆ ರೊಟ್ಟಿ, ನಿದ್ದೆ, ಮತ್ತೆ ಮಷೀನು. ಇನ್ನೊಂದಕ್ಕೆ ಲೇಬರ್ ಆಫೀಸು. ರಾತ್ರಿ ಪಾಳಿಯಲ್ಲಿ ಒಬ್ಬನೇ ಹುಡುಗನಿಗೆ ಎರಡು ಮಷೀನು ಕೊಟ್ಟು, ಅವನು ಸೊನ್ನೆ ತಪ್ಪಿಸಿದಾಗ ಅವನ ಮನಸ್ಸಾಕ್ಷಿಯನ್ನು ಮಾತ್ರ ಚುಚ್ಚುವುದು ಎರಡನೆಯದಕ್ಕೆ ಸೇರಿದ್ದು. ಅಂದು ಕೂಟದಲ್ಲಿ ನನಗೆ ಬಾಯಿ ಬರದಿದ್ದಕ್ಕೆ ಇದೂ ಒಂದು ಕಾರಣ. ಟಿಪ್ ಬದಲಿಸಿದ ಹೊತ್ತಿಗೆ ನೋಡಬೇಕಿದ್ದ ಕಣ್ಣು ಶೆಡ್ಡಿನಲ್ಲಿರಲಿಲ್ಲ ಎಂದು ಶೇಟ್ ಮುಂದೆ ಹೇಳಬೇಕಾದವನು ನಾನು. ಹೇಳಿದೆ, ಆದರೆ ನಾಲ್ಕು ದಿನ ತಡವಾಗಿ.

ಹುಡುಗ ಅವತ್ತು ಅಕ್ಕನ ಖೋಲಿಯಲ್ಲೇ ಸಂಜೆ ಐದರವರೆಗೆ ಮಲಗಿದ್ದ. ಎದ್ದು ಚಹಾ ಕುಡಿದ. ಊರಿನ ಮಾತು ತೆಗೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಂದು ಟಿಪ್ ಬದಲಿಸಿ, ಆಫ್‌ಸೆಟ್ ಹಾಕಿ, ಮೊದಲ ಜಾಬನ್ನು ಬಟ್ಟೆಯಲ್ಲಿ ಒರೆಸಿಕೊಂಡು ನನ್ನ ಟೇಬಲ್ಲಿಗೆ ತಂದು ನಿಂತ. ಗೋ ಇಳಿಯಿತು. ನೋಗೋ ಬಾಯಲ್ಲೇ ನಿಂತಿತು. ಚೀಟಿಯ ಮೇಲೆ ಸಹಿ ಮಾಡಿಕೊಟ್ಟೆ. ಒಂದು ವರ್ಷ ಕಳೆದ ಮೇಲೆ ಪಗಾರ ಹೆಚ್ಚು ಎಂದು ಚಾಕಣದ ಕಡೆ ಹೋದ. ಅಲ್ಲಿ ರಾತ್ರಿ ಪಾಳಿಗೂ ಇನ್‌ಸ್ಪೆಕ್ಟರ್ ಇರುತ್ತಾನಂತೆ.